ಭುಜದ ಕೀಲು ಉಲ್ಟಾ ಹಾಕೋದ್ಯಾಕೆ? ರಬ್ಬರ್ ಚೆಂಡಿಂದ ರಿವರ್ಸ್ ಇಂಪ್ಲಾಂಟ್‌ವರೆಗೆ

ಪ್ರಶ್ನೆ: ನಮ್ಮ ಅಮ್ಮಂಗೆ 72 ವರ್ಷ, ತಿಪಟೂರು ಹತ್ರ ಹಳ್ಳೀಲಿರ್ತಾರೆ. ಬಲಗಡೆ ಭುಜ ನಾಲ್ಕೈದು ವರ್ಷದಿಂದ ನೋವು, ಈಗ ತಲೆ ಬಾಚ್ಕೊಳಕ್ಕೂ ಕೈ ಮೇಲೆ ಬರಲ್ಲ. ಎಂಆರ್‌ಐ ಮಾಡಿಸಿದ್ರೆ ರೊಟೇಟರ್ ಕಫ್ ಪೂರ್ತಿ ಹರಿದಿದೆ, ಕೀಲೂ ಸವೆದಿದೆ ಅಂತ ಬಂತು. ಬೆಂಗಳೂರಲ್ಲಿ ತೋರಿಸಿದಾಗ ರಿವರ್ಸ್ ಶೋಲ್ಡರ್ ರಿಪ್ಲೇಸ್‌ಮೆಂಟ್ ಮಾಡ್ಬೇಕು, ಚೆಂಡಿರೋ ಜಾಗಕ್ಕೆ ಬಟ್ಟಲು, ಬಟ್ಟಲಿರೋ ಜಾಗಕ್ಕೆ ಚೆಂಡು ಬರುತ್ತೆ ಅಂದ್ರು. ಮನೇಲಿ ಎಲ್ರಿಗೂ ಗಾಬರಿ. ದೇವ್ರು ಇಟ್ಟಿದ್ದನ್ನ ಉಲ್ಟಾ ಮಾಡೋದ್ಯಾಕೆ, ಇದೇನು ಹೊಸ ಪ್ರಯೋಗನಾ, ಮಾಮೂಲಿ ಥರದ್ದೇ ಹಾಕಿಸಿದ್ರೆ ಆಗಲ್ವಾ, ಹಾಕಿದ್ದು ಎಷ್ಟು ವರ್ಷ ಬರುತ್ತೆ? ಸ್ವಲ್ಪ ಬಿಡಿಸಿ ಹೇಳಿ ಡಾಕ್ಟ್ರೇ.

ಉತ್ತರ: ಮೊದ್ಲು ನೇರವಾಗಿ ಹೇಳ್ಬಿಡ್ತೀನಿ, ಯಾಕೆ ಅನ್ನೋದನ್ನ ಆಮೇಲೆ ಬಿಡಿಸ್ತೀನಿ. ನೀವು ಬರ್ದಿರೋ ಹಾಗೆ ಕಫ್, ಅಂದ್ರೆ ಭುಜದ ಚೆಂಡನ್ನ ಹಿಡಿದಿರೋ ಸ್ನಾಯುಗಳು, ಪೂರ್ತಿ ಹರಿದು, ಕೀಲೂ ಸವೆದು, ಕೈ ಮೇಲೆ ಬರ್ತಿಲ್ಲ ಅಂದ್ರೆ 72ರ ವಯಸ್ಸಿಗೆ ನಿಮ್ಮ ಡಾಕ್ಟ್ರು ಹೇಳಿರೋದು ಸರಿಯಾದ ದಾರೀನೇ. ಇದು ಪ್ರಯೋಗ ಅಲ್ಲ. ಈ ಡಿಸೈನು ಫ್ರಾನ್ಸಲ್ಲಿ 1985ರಲ್ಲಿ ಹುಟ್ಟಿದ್ದು, ಈಗ ಹಾಕೋದಕ್ಕೆ ಹತ್ತಿರದ ರೂಪ 1991ರಿಂದ ಬಳಕೇಲಿದೆ. ಮಾಮೂಲಿ ಥರದ್ದು ಹಾಕಿಸಿದ್ರೆ ಅಮ್ಮಂಗೆ ನೋವು ಸ್ವಲ್ಪ ಇಳೀಬೋದು, ಆದ್ರೆ ಕೈ ಮೇಲೆ ಏಳೋದು ಅನುಮಾನ, ಜೊತೆಗೆ ಹಾಕಿದ ಬಟ್ಟಲು ಬೇಗ ಸಡಿಲ ಆಗೋ ಅಪಾಯ. ಇನ್ನು ಉಲ್ಟಾ ಯಾಕೆ ಅಂತ ನಿಮ್ಮ ಮನೆಯವ್ರು ಕೇಳಿದ್ರಲ್ಲ, ಅದು ತುಂಬ ಒಳ್ಳೆ ಪ್ರಶ್ನೆ, ಅದಕ್ಕೆ ಉತ್ತರ ಸಿಗೋಕೆ ಸರ್ಜನ್‌ಗಳಿಗೆ ಹೆಚ್ಚುಕಮ್ಮಿ ನೂರು ವರ್ಷ ಹಿಡೀತು.

ಭುಜದ ಕೀಲು ಸೊಂಟದ ಕೀಲಿನ ಥರ ಅಲ್ಲ, ಇದನ್ನ ಮೊದ್ಲು ಮನಸ್ಸಲ್ಲಿ ಇಟ್ಕೊಳಿ. ಸೊಂಟದಲ್ಲಿ ಚೆಂಡು ಆಳವಾದ ಗುಳಿಯೊಳಗೆ ಕೂತಿರುತ್ತೆ, ಮೂಳೆಯೇ ಅದನ್ನ ಹಿಡ್ಕೊಂಡಿರುತ್ತೆ. ಭುಜದಲ್ಲಿ ತೋಳಿನ ಮೂಳೆ ತುದೀಲಿರೋ ಚೆಂಡು ಸುಮಾರು 45 ಮಿ.ಮೀ. ಅಗಲ ಇದ್ರೆ ಅದು ತಾಗೋ ಬಟ್ಟಲು, ಅಂದ್ರೆ ಗ್ಲೆನಾಯ್ಡ್, 25-28 ಮಿ.ಮೀ. ಅಗಲ ಇದ್ರೆ ಹೆಚ್ಚು, ಅದೂ ಬಹುಪಾಲು ಚಪ್ಪಟೆ. ಯಾವಾಗ ನೋಡಿದ್ರೂ ಚೆಂಡಿನ ಮೂರನೇ ಒಂದು ಭಾಗ ಕೂಡ ಬಟ್ಟಲಿಗೆ ತಾಗಿರಲ್ಲ. ಹಂಗಿದ್ಮೇಲೆ ಚೆಂಡು ಜಾರಿ ಹೋಗದ ಹಾಗೆ ಹಿಡಿದಿರೋರ್ಯಾರು ಅಂದ್ರೆ ಸುತ್ತ ಇರೋ ನಾಲ್ಕು ಸಣ್ಣ ಸ್ನಾಯುಗಳು, ಅದೇ ರೊಟೇಟರ್ ಕಫ್. ಮೇಲ್ಗಡೆ ಹೆಗಲನ್ನ ಮುಚ್ಚಿರೋ ದಪ್ಪ ಸ್ನಾಯು ಡೆಲ್ಟಾಯ್ಡ್, ಅದು ತೋಳನ್ನ ಎತ್ತೋ ಎಂಜಿನ್ನು, ಆದ್ರೆ ಅದು ಎಳೆಯೋ ದಿಕ್ಕು ಮೇಲಕ್ಕೆ. ಕಫ್ ಚೆಂಡನ್ನ ಬಟ್ಟಲಿಗೆ ಒತ್ತಿ ಹಿಡಿದಿದ್ರೆ ಡೆಲ್ಟಾಯ್ಡ್ ಎಳೆದಾಗ ತೋಳು ಸುತ್ತಿ ಮೇಲೆ ಏಳುತ್ತೆ, ಕಫ್ ಇಲ್ಲ ಅಂದ್ರೆ ಚೆಂಡೇ ಮೇಲಕ್ಕೆ ಜಾರಿ ಹೆಗಲ ತುದಿ ಮೂಳೆಗೆ ಹೋಗಿ ಉಜ್ಜುತ್ತೆ, ತೋಳು ಎಲ್ಲಿತ್ತೋ ಅಲ್ಲೇ ಇರುತ್ತೆ. ಅಮ್ಮನ ಎಕ್ಸ್‌ರೇ ನೋಡಿ, ಚೆಂಡು ಮಧ್ಯದಲ್ಲಿ ಇರಲ್ಲ, ಮೇಲಕ್ಕೆ ಹೋಗಿ ಕೂತಿರುತ್ತೆ, ಚೆಂಡಿಗೂ ಹೆಗಲ ತುದಿ ಮೂಳೆಗೂ ಮಧ್ಯೆ ಇರ್ಬೇಕಾದ ಕಪ್ಪು ಜಾಗವೇ ಕಾಣ್ಸಲ್ಲ. ಭುಜದ ಇಂಪ್ಲಾಂಟ್ ಇತಿಹಾಸ ಅಂದ್ರೆ ಈ ಎರಡು ತಾಪತ್ರಯದ ಇತಿಹಾಸಾನೇ, ಒಂದು ಹಿಡಿತ ಸಿಗದ ಸಣ್ಣ ಬಟ್ಟಲು, ಇನ್ನೊಂದು ಹರಿದು ಹೋದ ಕಫ್. ಚೆಂಡು ಮಾಡೋದು ಯಾವತ್ತೂ ಅಷ್ಟು ಕಷ್ಟ ಆಗಿರಲಿಲ್ಲ.

ಮೊದಲ ಕೃತಕ ಭುಜ ಹಾಕಿದ್ದು 1893ರಲ್ಲಿ, ಪ್ಯಾರಿಸ್‌ನಲ್ಲಿ, ಜೂಲ್ಸ್ ಎಮಿಲ್ ಪೇಯಾನ್ ಅನ್ನೋ ಸರ್ಜನ್. ರೋಗಿ 37 ವರ್ಷದ ಒಬ್ಬ ಬೇಕರಿ ಕೆಲಸದವನು, ಭುಜಕ್ಕೆ ಟಿಬಿ ತಗುಲಿ ಮೂಳೆಯೆಲ್ಲ ಕೊಳೆತಿತ್ತು. ಆಗಿನ ಕಾಲಕ್ಕೆ ತೋಳೇ ತೆಗೆದ್ಬಿಡೋದು ರೂಢಿ, ಆತ ಅದಕ್ಕೆ ಒಪ್ಪಲಿಲ್ಲ. ಪೇಯಾನ್ ಹೋಗಿ ಕೇಳಿದ್ದು ಮೈಕಲ್ಸ್ ಅನ್ನೋ ಒಬ್ಬ ದಂತವೈದ್ಯರನ್ನ, ಯಾಕಂದ್ರೆ ದೇಹದೊಳಗೆ ಬಾಳಿಕೆ ಬರೋ ವಸ್ತು ಯಾವುದು ಅನ್ನೋದು ಆಗ ಹಲ್ಲು ಕಟ್ಟೋರಿಗೇ ಚೆನ್ನಾಗಿ ಗೊತ್ತಿತ್ತು. ಅವರು ಪ್ಲಾಟಿನಂ ಕೊಳವೆ ಒಂದನ್ನ ತೋಳಿನ ಮೂಳೆಗೆ ಕೂರೋ ಹಾಗೆ ಮಾಡಿ, ಅದರ ತುದಿಗೆ ಪ್ಯಾರಾಫಿನ್‌ನಲ್ಲಿ ಕುದಿಸಿ ಗಟ್ಟಿ ಮಾಡಿದ ರಬ್ಬರ್ ಚೆಂಡು ಕೂರಿಸಿ, ಲೋಹದ ಕುಣಿಕೆಗಳಿಂದ ಬಟ್ಟಲ ಕಡೆಗೆ ಜೋಡಿಸಿಕೊಟ್ರು. ಆಂಟಿಬಯಾಟಿಕ್ಕೇ ಇಲ್ಲದ ಕಾಲ ಅದು, ಟಿಬಿ ಕೀವಿದ್ದ ಜಾಗಕ್ಕೇ ಹಾಕಿದ್ದು, ಆದ್ರೂ ಸುಮಾರು ಎರಡು ವರ್ಷ ಆ ಮನುಷ್ಯ ಅದನ್ನ ಇಟ್ಕೊಂಡು ಕೈ ಆಡಿಸಿದ. ಕೊನೆಗೆ ಇನ್ಫೆಕ್ಷನ್ ನಿಲ್ಲದೆ ತೆಗೀಬೇಕಾಯ್ತು. ಆದ್ರೆ ತೋಳು ಉಳೀತು, ನನಗೆ ಈ ಕೇಸಲ್ಲಿ ಅದೇ ದೊಡ್ಡದು ಅನ್ಸುತ್ತೆ.

ಆಮೇಲೆ ಅರ್ಧ ಶತಮಾನ ಹೇಳ್ಕೊಳ್ಳೋ ಅಂಥದ್ದು ಏನೂ ಆಗಲಿಲ್ಲ. 1950ರ ಹೊತ್ತಿಗೆ ಕೋಬಾಲ್ಟ್ ಕ್ರೋಮ್ ಮಿಶ್ರಲೋಹ ಬಂದಿತ್ತು, ಪೆನಿಸಿಲಿನ್ ಬಂದಿತ್ತು. ನ್ಯೂಯಾರ್ಕ್‌ನ ಕೊಲಂಬಿಯಾ ಆಸ್ಪತ್ರೇಲಿ ಚಾರ್ಲ್ಸ್ ನೀರ್ ಅನ್ನೋರಿಗೆ ತಲೆ ಕೆಡಿಸಿದ್ದ ವಿಷಯ ಸವೆತ ಅಲ್ಲ, ಮುರಿತ. ಬಿದ್ದು ಭುಜದ ಚೆಂಡು ಮೂರು ನಾಲ್ಕು ಚೂರಾದ್ರೆ ಆಗ ಚೂರು ತೆಗೆದು ಬಿಟ್ಬಿಡ್ತಿದ್ರು, ತೋಳು ಜೋತಾಡ್ತಾ ಇರ್ತಿತ್ತು, ನೋವೂ ಹೋಗ್ತಿರಲಿಲ್ಲ. ನೀರ್ ಒಂದು ಲೋಹದ ಚೆಂಡು, ಅದರ ಕೆಳಗೆ ಮೂಳೆಯೊಳಗೆ ಇಳಿಯೋ ಕಡ್ಡಿ, ಅಂದ್ರೆ ಸ್ಟೆಮ್, ಇಷ್ಟನ್ನೇ ಮಾಡಿದ್ರು. 1955ರಲ್ಲಿ ಅವರು ಬರ್ದ ಲೇಖನದಲ್ಲಿ 12 ಜನ ರೋಗಿಗಳಿದ್ರು, 11 ಜನಕ್ಕೆ ನೋವು ಹೋಗಿತ್ತು. ಬಟ್ಟಲ ಕಡೆ ಏನೂ ಹಾಕಿರಲಿಲ್ಲ, ಇದನ್ನೇ ಈಗಲೂ ಹೆಮಿ ಅಂತೀವಿ, ಅರ್ಧ ರಿಪ್ಲೇಸ್‌ಮೆಂಟು.

ಅಷ್ಟರಲ್ಲಿ ಇಂಗ್ಲೆಂಡಲ್ಲಿ ಜಾನ್ ಚಾರ್ನ್ಲಿ ಸೊಂಟದ ಕೀಲಿಗೆ ಲೋಹದ ಚೆಂಡು, ಪಾಲಿಎಥಿಲಿನ್ ಪ್ಲಾಸ್ಟಿಕ್ ಬಟ್ಟಲು, ಮೂಳೆ ಸಿಮೆಂಟು ಅಂತ ಮಾಡಿ ಗೆದ್ದಿದ್ರು. ನೀರ್ ಅದನ್ನ ಭುಜಕ್ಕೆ ತಂದ್ರು, ಪ್ಲಾಸ್ಟಿಕ್ ಬಟ್ಟಲು ಸಿಮೆಂಟ್ ಹಾಕಿ ಗ್ಲೆನಾಯ್ಡ್‌ಗೆ ಕೂರಿಸೋದು, 1970ರ ದಶಕದ ಮೊದಲ ಭಾಗದಲ್ಲಿ ಬಂದ ಇದಕ್ಕೆ ನೀರ್ 2 ಅಂತ ಹೆಸರು. ನಿಮ್ಮ ಮನೆಯವ್ರು ಮಾಮೂಲಿ ಥರದ್ದು ಅಂತ ಹೇಳ್ತಿರೋದು ಇದರ ಮೊಮ್ಮಕ್ಕಳನ್ನೇ. ಕಫ್ ಚೆನ್ನಾಗಿದ್ದು ಬರೀ ಕೀಲು ಸವೆದವರಿಗೆ ಇದು ಅದ್ಭುತವಾಗಿ ಕೆಲಸ ಮಾಡ್ತು, ಇವತ್ತಿಗೂ ಮಾಡುತ್ತೆ. ಅಂಥವರಿಗೆ ನಾನೂ ಮೊದ್ಲು ಹೇಳೋದು ಅದನ್ನೇ.

ಆದ್ರೆ ಕಫ್ ಹರಿದವರ ಕಥೆ? ಅಲ್ಲಿ ಚೆಂಡು ಮೇಲಕ್ಕೆ ಜಾರಿ ಪ್ರತಿ ಸಲ ಪ್ಲಾಸ್ಟಿಕ್ ಬಟ್ಟಲಿನ ಮೇಲಿನ ಅಂಚನ್ನೇ ಒತ್ತುತ್ತೆ, ಮೇಲೆ ಒತ್ತಿದ್ರೆ ಕೆಳಗಿನ ಅಂಚು ಏಳುತ್ತೆ, ಹಿಂಗೇ ಆಡ್ತಾ ಆಡ್ತಾ ಸಿಮೆಂಟು ಬಿಟ್ಕೊಳ್ಳುತ್ತೆ. ಇದಕ್ಕೆ ರಾಕಿಂಗ್ ಹಾರ್ಸ್, ಅಂದ್ರೆ ಮಕ್ಕಳ ತೂಗಾಡೋ ಮರದ ಕುದುರೆ, ಅಂತ ಹೆಸರಿಟ್ಟು 1988ರಲ್ಲಿ ವಿವರಿಸಿದ್ರು. ಅಮ್ಮಂಗೆ ಮಾಮೂಲಿ ಕೀಲು ಬೇಡ ಅಂತ ಡಾಕ್ಟ್ರು ಹೇಳಿರೋದ್ರ ಹಿಂದೆ ಇರೋ ಕಾರಣ ಇದೇ.

1970ರ ದಶಕದಲ್ಲಿ ಎಲ್ರೂ ಯೋಚಿಸಿದ್ದು ಹೀಗೆ: ಕಫ್ ಇಲ್ಲ ಅಂದ್ರೆ ಚೆಂಡನ್ನ ಬಟ್ಟಲಿಗೆ ನಾವೇ ಲಾಕ್ ಮಾಡ್ಬಿಡೋಣ. ಲಂಡನ್‌ನಲ್ಲಿ ಸ್ಟಾನ್‌ಮೋರ್ ಅನ್ನೋ ಕೀಲು ಬಂತು, ಚೆಂಡು ಬಟ್ಟಲೊಳಗೆ ಸಿಕ್ಕಿಕೊಳ್ಳೋ ಥರದ್ದು. ಉಲ್ಟಾ ಹಾಕೋ ಯೋಚನೆಯೂ ಆಗಲೇ ಬಂದಿತ್ತು, ಇದು ತುಂಬ ಜನಕ್ಕೆ ಗೊತ್ತಿಲ್ಲ. ಲಂಡನ್‌ನ ಕೆಸೆಲ್, ಜರ್ಮನಿಯ ಕೋಲ್ಬೆಲ್, ಅಮೆರಿಕದ ಫೆನ್ಲಿನ್, ಸ್ವತಃ ನೀರ್ ಕೂಡ ಒಂದಾದ ಮೇಲೊಂದು ಮೂರು ಮಾದರಿ ಉಲ್ಟಾ ಕೀಲು ಮಾಡಿ ನೋಡಿ ಕೊನೆಗೆ ಕೈಬಿಟ್ರು. ಹೆಚ್ಚುಕಮ್ಮಿ ಎಲ್ಲವೂ ಒಂದೇ ಜಾಗದಲ್ಲಿ ಸೋತವು, ಬಟ್ಟಲಿನ ಮೂಳೆಗೆ ಹಾಕಿದ ಸ್ಕ್ರೂ ಕಿತ್ಕೊಂಡು ಬರ್ತಿತ್ತು ಇಲ್ಲ ಲೋಹವೇ ಮುರೀತಿತ್ತು. ಯಾಕೆ ಅಂತ ಈಗ ನೋಡಿದ್ರೆ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತೆ. ಆ ಕೀಲುಗಳಲ್ಲಿ ಚೆಂಡಿಗೊಂದು ಕುತ್ತಿಗೆ, ಆ ಕುತ್ತಿಗೆಯ ತುದೀಲಿ ಚೆಂಡು ಮೂಳೆಯಿಂದ ಆಚೆ ನಿಂತಿರ್ತಿತ್ತು. ತೋಳು ಎತ್ತಿದಾಗ ಎಲ್ಲ ಭಾರ ಆ ಕುತ್ತಿಗೆ ಉದ್ದಕ್ಕೂ ಸನ್ನೆ ಹಾಕಿದಂತಾಗಿ ಸ್ಕ್ರೂನ ಬುಡವನ್ನ ಮೀಟ್ತಿತ್ತು. ಗ್ಲೆನಾಯ್ಡ್ ಮೂಳೆ ಒಳಗೆ ಹೋಗ್ತಾ ಹೋಗ್ತಾ ಕಿರಿದಾಗೋ ಮೂಳೆ, ಅಷ್ಟು ಮೀಟು ತಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ.

1983ರಲ್ಲಿ ನೀರ್ ಮತ್ತವರ ಜೊತೆಗಾರರು ಕಫ್ ಹರಿದು ಕೀಲು ಹಾಳಾಗೋ ಈ ಕಾಯಿಲೆಗೆ ಕಫ್ ಟೇರ್ ಆರ್ಥ್ರೋಪತಿ ಅಂತ ಹೆಸರು ಕೊಟ್ಟು ಪೂರ್ತಿ ವಿವರವಾಗಿ ಬರೆದ್ರು. ಅಮ್ಮನ ರಿಪೋರ್ಟಲ್ಲಿ ಬಹುಶಃ ಇದೇ ಹೆಸರು ಇರುತ್ತೆ ನೋಡಿ. ಕಾಯಿಲೆ ಗೊತ್ತಾಯ್ತು, ಮದ್ದು ಇರಲಿಲ್ಲ. ಆ ಕಾಲದಲ್ಲಿ ಇಂಥ ರೋಗಿಗೆ ಹೆಮಿ ಹಾಕಿ, ನೋವು ಸ್ವಲ್ಪ ಕಮ್ಮಿ ಆದ್ರೆ ಸಾಕು, ಕೈ ಎತ್ತೋ ಆಸೆ ಬಿಡಿ ಅಂತ ಹೇಳಿ ಕಳಿಸ್ತಿದ್ರು.

ಈಗ ಬಂದ್ರು ಪಾಲ್ ಗ್ರಾಮ್ಮೋಂಟ್. ಫ್ರಾನ್ಸಿನ ದಿಜೋನ್ ಅನ್ನೋ ಊರಿನ ಸರ್ಜನ್, ಸ್ನಾಯುಗಳು ಎಳೆಯೋ ಬಲದ ಲೆಕ್ಕಾಚಾರದಲ್ಲಿ ಮುಳುಗಿ ಹೋಗಿದ್ದ ಮನುಷ್ಯ. ಮಿಕ್ಕವರೆಲ್ಲ ಮೂಳೆ ಹೇಗಿತ್ತೋ ಹಾಗೆ ಮಾಡ್ಬೇಕು ಅಂತ ಹೊರಟ್ರೆ ಇವರು ಕೇಳಿದ ಪ್ರಶ್ನೆ ಬೇರೆ, ಕಫ್ ಅಂತೂ ಹೋಯ್ತು, ಉಳಿದಿರೋದು ಡೆಲ್ಟಾಯ್ಡ್ ಒಂದೇ, ಆ ಒಂದು ಸ್ನಾಯುವಿಂದ ತೋಳು ಎತ್ತಿಸ್ಬೇಕು ಅಂದ್ರೆ ಕೀಲು ಹೇಗಿರ್ಬೇಕು? ನನ್ನ ಪ್ರಕಾರ ಇಡೀ ಭುಜದ ಶಸ್ತ್ರಚಿಕಿತ್ಸೇಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಯಾರೂ ಕೇಳಿಲ್ಲ.

ಉತ್ತರ ಹೀಗೆ. ಬಾಗಿಲನ್ನ ಹಿಂಜಿನ ಪಕ್ಕದಲ್ಲೇ ಕೈಯಿಟ್ಟು ತಳ್ಳಿದ್ರೆ ಮೈ ಬಲವೆಲ್ಲ ಹಾಕ್ಬೇಕು, ಹಿಂಜಿಂದ ದೂರ ಚಿಲಕದ ಹತ್ರ ತಳ್ಳಿದ್ರೆ ಒಂದು ಬೆರಳು ಸಾಕು. ಡೆಲ್ಟಾಯ್ಡ್ ಇರೋ ಜಾಗ ಬದಲಾಯಿಸಕ್ಕಾಗಲ್ಲ, ಹಾಗಾಗಿ ಅವರು ಹಿಂಜನ್ನೇ ದೂರ ಸರಿಸಿದ್ರು. ಚೆಂಡನ್ನ ಗ್ಲೆನಾಯ್ಡ್ ಕಡೆಗೆ ಹಾಕಿ, ಆದ್ರೆ ಕುತ್ತಿಗೆ ಇಲ್ಲದೆ, ದೊಡ್ಡ ಚೆಂಡನ್ನ ಅರ್ಧಕ್ಕೆ ಕತ್ತರಿಸಿ ಮೂಳೆಗೇ ಅಂಟಿಸಿದ ಹಾಗೆ ಕೂರಿಸಿದ್ರು. ಇದ್ರಿಂದ ತೋಳು ತಿರುಗೋ ಕೇಂದ್ರ ಮೂಳೆಯ ಮೇಲ್ಮೈಗೇ ಬಂತು, ಅಂದ್ರೆ ಮೊದಲಿಗಿಂತ ಒಳಗಡೆ, ಡೆಲ್ಟಾಯ್ಡ್‌ನಿಂದ ದೂರ. ಹಿಂದಿನವರ ಕೀಲಲ್ಲಿ ಸ್ಕ್ರೂವನ್ನ ಮೀಟ್ತಿದ್ದ ಬಲ ಇಲ್ಲಿ ಬಹುಪಾಲು ಚೆಂಡನ್ನ ಮೂಳೆಗೆ ಒತ್ತೋ ಬಲ ಆಯ್ತು, ಹಾಗಾಗಿ ತೋಳು ಎತ್ತಿದಷ್ಟೂ ಅದು ಕಿತ್ಕೊಂಡು ಬರೋ ಬದ್ಲು ಭದ್ರವಾಗಿ ಕೂರುತ್ತೆ. ಬಟ್ಟಲು ತೋಳಿನ ಕಡೆ ಹೋಯ್ತು, ಅದನ್ನ ಸ್ವಲ್ಪ ಕೆಳಗೂ ಇಳಿಸಿದ್ರು, ತೋಳು ಒಂಚೂರು ಉದ್ದ ಆಗಿ ಡೆಲ್ಟಾಯ್ಡ್ ಬಿಗಿಯಾಗಿ ನಿಲ್ಲುತ್ತೆ, ಆ ಬಿಗಿಯೇ ಕೀಲನ್ನ ಜಾರದ ಹಾಗೆ ಹಿಡಿಯುತ್ತೆ. ಚೆಂಡು ಮೇಲಕ್ಕೆ ಜಾರೋ ಪ್ರಶ್ನೆಯೇ ಇಲ್ಲ, ಯಾಕಂದ್ರೆ ಚೆಂಡು ಈಗ ಮೂಳೆಗೆ ಸ್ಕ್ರೂ ಆಗಿದೆ, ಬಟ್ಟಲು ಅದರ ಸುತ್ತ ತಿರುಗ್ಬೇಕು ಅಷ್ಟೆ. ಮನೆಯವ್ರಿಗೆ ಹೇಳಿ, ಉಲ್ಟಾ ಮಾಡಿದ್ದು ಇದಕ್ಕೆ.

1985ರ ಮೊದಲ ಮಾದರೀಲಿ ಚೆಂಡು ಮೂರನೇ ಎರಡು ಭಾಗದಷ್ಟು ಗೋಳ ಇತ್ತು, ಸಿಮೆಂಟ್ ಹಾಕ್ತಿದ್ರು, 1987ರಲ್ಲಿ ಬರೀ 8 ರೋಗಿಗಳ ಫಲಿತಾಂಶ ಪ್ರಕಟ ಮಾಡಿದ್ರು. ಸಿಮೆಂಟು ಅಷ್ಟು ಸರಿಹೋಗಲಿಲ್ಲ. 1991ರಲ್ಲಿ ಡೆಲ್ಟಾ 3 ಅಂತ ಬಂತು, ಚೆಂಡು ಸರಿಯಾಗಿ ಅರ್ಧ, ಕೆಳಗೆ ಒಂದು ಲೋಹದ ತಟ್ಟೆ, ಅದರ ನಡುವೆ ಮೂಳೆಗೆ ಒತ್ತಿ ಕೂರೋ ಗೂಟ, ಸುತ್ತ ಬೇರೆ ಬೇರೆ ದಿಕ್ಕಿಗೆ ಹೋಗೋ ಸ್ಕ್ರೂಗಳು, ಮೂಳೆ ಬೆಳೆದು ಹಿಡ್ಕೊಳ್ಳೋ ಹಾಗೆ ಹೈಡ್ರಾಕ್ಸಿಅಪಟೈಟ್ ಅನ್ನೋ ಮೂಳೆಯಂಥದ್ದೇ ಖನಿಜದ ಲೇಪನ. ಯುರೋಪಲ್ಲಿ ಹತ್ತು ಹನ್ನೆರಡು ವರ್ಷ ಬಳಸಿ ನೋಡಿದ ಮೇಲೆ 2003ರ ಕೊನೇಲಿ ಔಷಧಿ, ಇಂಪ್ಲಾಂಟ್‌ಗಳನ್ನ ಪರಿಶೀಲಿಸೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡ್ತು. ಅಲ್ಲಿಂದ ಇದರ ಓಟ ನಿಂತಿಲ್ಲ, ಇವತ್ತು ಅಮೆರಿಕ, ಆಸ್ಟ್ರೇಲಿಯಾದಂಥ ಕಡೆ ಮಾಮೂಲಿ ಕೀಲಿಗಿಂತ ರಿವರ್ಸೇ ಜಾಸ್ತಿ ಹಾಕ್ತಾರೆ. ಗ್ರಾಮ್ಮೋಂಟ್ 2013ರಲ್ಲಿ ತೀರ್ಕೊಂಡ್ರು.

ಇದ್ರಲ್ಲಿ ತೊಂದ್ರೆ ಇರಲಿಲ್ಲ ಅಂತ ಅಲ್ಲ. ಕೇಂದ್ರ ಅಷ್ಟು ಒಳಗೆ ಹೋಗಿದ್ರಿಂದ ತೋಳು ಇಳಿಸಿದಾಗೆಲ್ಲ ಬಟ್ಟಲಿನ ಕೆಳ ಅಂಚು ಗ್ಲೆನಾಯ್ಡ್ ಕೆಳಗಿನ ಮೂಳೆಗೆ ತಾಗಿ ತಾಗಿ ಅಲ್ಲಿ ಮೂಳೆ ಸವೆದು ಕಚ್ಚು ಬೀಳ್ತಿತ್ತು, ಸ್ಕ್ಯಾಪುಲಾರ್ ನಾಚಿಂಗ್ ಅಂತಾರೆ. ಇನ್ನೊಂದು, ಕೈ ಮೇಲೇನೋ ಹೋಗುತ್ತೆ, ಆದ್ರೆ ಹೊರಗಡೆ ತಿರುಗಿಸೋ ಶಕ್ತಿ ಸರಿಯಾಗಿ ವಾಪಸ್ ಬರ್ತಿರಲಿಲ್ಲ. ಫ್ಲೋರಿಡಾದ ಮಾರ್ಕ್ ಫ್ರಾಂಕಲ್ ಕೇಂದ್ರವನ್ನ ಮತ್ತೆ ಸ್ವಲ್ಪ ಹೊರಗೆ ತಂದ್ರು, ಶುರೂಲಿ ಅವರಿಗೂ ಹಳೇ ಪಾಡೇ ಆಯ್ತು, ತಟ್ಟೆ ಸಡಿಲ ಆಯ್ತು, ಸ್ಕ್ರೂ ಮುರೀತು, ಆಮೇಲೆ 5 ಮಿ.ಮೀ. ದಪ್ಪದ ಲಾಕಿಂಗ್ ಸ್ಕ್ರೂ ಹಾಕಿ ಅದನ್ನ ಸರಿ ಮಾಡ್ಕೊಂಡ್ರು. ಫ್ರಾನ್ಸಿನ ನೀಸ್‌ನಲ್ಲಿ ಪಾಸ್ಕಲ್ ಬುವಲೋ ಬೇರೆ ದಾರಿ ಹಿಡಿದ್ರು, ಹೇಗೂ ತೆಗೆದು ಬಿಸಾಕೋ ರೋಗಿಯದೇ ಚೆಂಡಿನಿಂದ ಮೂಳೆಯ ಬಿಲ್ಲೆ ಒಂದನ್ನ ಕತ್ತರಿಸಿ ತಟ್ಟೆ ಕೆಳಗೆ ಇಟ್ರು, ಆ ಬಿಲ್ಲೆ ಬೆಸೆದ ಮೇಲೆ ಗ್ಲೆನಾಯ್ಡೇ ಅಷ್ಟು ಉದ್ದ ಆದ ಹಾಗೆ, ಕೇಂದ್ರ ಮೂಳೆ ಮೇಲೇ ಉಳೀತು, ಬಟ್ಟಲು ಮಾತ್ರ ಹೊರಗೆ ಬಂತು. ನನಗೆ ಈ ಐಡಿಯಾ ತುಂಬ ಇಷ್ಟ. ತೋಳಿನ ಕಡೆ ಸ್ಟೆಮ್‌ಗೂ ಬಟ್ಟಲಿಗೂ ನಡುವೆ ಗ್ರಾಮ್ಮೋಂಟ್ ಇಟ್ಟಿದ್ದ 155 ಡಿಗ್ರಿ ಕೋನವೂ ಈಗಿನ ಎಷ್ಟೋ ಡಿಸೈನಲ್ಲಿ 145, 135ಕ್ಕೆ ಇಳಿದಿದೆ, ಇದ್ರಿಂದ ನಾಚಿಂಗ್ ಬಹಳ ಕಮ್ಮಿ ಆಗಿದೆ. ಅಮ್ಮಂಗೆ ಹಾಕೋದು ಈ ಕಾಲದ ಕೀಲೇ ಆಗಿರುತ್ತೆ, ಯಾವ ಕಂಪನಿದು ಅಂತ ಜಾಸ್ತಿ ತಲೆ ಕೆಡಿಸ್ಕೋಬೇಡಿ, ನಿಮ್ಮ ಸರ್ಜನ್‌ಗೆ ಕೈ ಪಳಗಿರೋ ಇಂಪ್ಲಾಂಟೇ ಒಳ್ಳೇದು.

ಮಾಮೂಲಿ ಕೀಲೂ ಇದೇ ಹೊತ್ತಲ್ಲಿ ಬೆಳೀತು, ಬೇಗ ಹೇಳಿ ಮುಗಿಸ್ತೀನಿ. 80ರ ದಶಕದಲ್ಲಿ ಚೆಂಡು ಬೇರೆ ಸ್ಟೆಮ್ ಬೇರೆ ಆಗಿ, ಅಳತೆಗೆ ತಕ್ಕ ಹಾಗೆ ಜೋಡಿಸೋ ಮಾಡ್ಯುಲರ್ ಬಂತು. 90ರ ದಶಕದಲ್ಲಿ ಬುವಲೋ ಮತ್ತು ಫ್ರಾನ್ಸಿನದೇ ಲಿಯೋನ್ ಊರಿನ ಜಿಲ್ ವಾಲ್ಶ್ ತೋಳಿನ ಮೂಳೆಗಳನ್ನ ಅಳೆದು ನೋಡಿ ಚೆಂಡು ಹಿಂದಕ್ಕೆ ತಿರುಗಿರೋ ಕೋನ, ಓರೆ, ಒಂದೆರಡು ಮಿ.ಮೀ. ಪಕ್ಕಕ್ಕೆ ಸರಿದಿರೋದು, ಎಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ ಅಂತ ತೋರಿಸಿದ್ರು, ಅದಕ್ಕೆ ಹೊಂದೋ ಹಾಗೆ ಇಂಪ್ಲಾಂಟ್ ಮಾಡಿದ್ರು. ಇಂಗ್ಲೆಂಡಲ್ಲಿ ಸ್ಟೀಫನ್ ಕೋಪ್‌ಲ್ಯಾಂಡ್ 1986ರಿಂದಲೇ ಚೆಂಡನ್ನ ಪೂರ್ತಿ ತೆಗೀದೆ ಮೇಲ್ಮೈಗೆ ಮಾತ್ರ ಲೋಹದ ಟೋಪಿ ಹಾಕ್ತಿದ್ರು. 2004ರಿಂದ ಯುರೋಪಲ್ಲಿ ಸ್ಟೆಮ್ಮೇ ಇಲ್ಲದ ಕೀಲುಗಳು ಬಂದ್ವು, ಮೂಳೆಯೊಳಗೆ ಉದ್ದ ಕಡ್ಡಿ ಇಳಿಸೋ ಬದ್ಲು ಮೇಲ್ಗಡೆಯ ಮೆದು ಮೂಳೇಲೇ ಹಿಡಿತ, ಕಮ್ಮಿ ವಯಸ್ಸಿನವರಿಗೆ ಮುಂದೆ ಮತ್ತೆ ಆಪರೇಷನ್ ಬೇಕಾದ್ರೆ ಮೂಳೆ ಉಳಿದಿರುತ್ತೆ. ಇಷ್ಟೆಲ್ಲ ಆದ್ರೂ ಸೋಲೋ ಜಾಗ ಮಾತ್ರ ಇವತ್ತಿಗೂ ಆ ಪ್ಲಾಸ್ಟಿಕ್ ಬಟ್ಟಲೇ. ಬಟ್ಟಲ ಹಿಂದೆ ಲೋಹ ಹಾಕಿದ್ರೆ ಗಟ್ಟಿ ಆಗುತ್ತೆ ಅಂತ ಮಾಡಿ ನೋಡಿದ್ರು, ಪ್ಲಾಸ್ಟಿಕ್ ತೆಳುವಾಗಿ ಇನ್ನೂ ಬೇಗ ಸವೀತು, ಹಳೇ ಸಿಮೆಂಟ್ ಬಟ್ಟಲೇ ವಾಸಿ ಅನ್ನೋ ಹಾಗಾಯ್ತು.

ಈಗ ಅಮ್ಮನ ವಿಷಯಕ್ಕೆ ಬರೋಣ. ಆಪರೇಷನ್ನಲ್ಲಿ ನಮಗೆಲ್ಲ ಉಸಿರು ಬಿಗಿಹಿಡಿಯೋ ಹೊತ್ತು ಅಂದ್ರೆ ಗ್ಲೆನಾಯ್ಡ್‌ಗೆ ತಟ್ಟೆ ಕೂರಿಸೋದು. ಮೊದ್ಲು ಒಂದು ತಂತಿಯನ್ನ ಮೂಳೆ ನಡುವೆ ಇಳಿಸ್ತೀವಿ, ಅದರ ಮೇಲೆ ರೀಮರ್ ಅನ್ನೋ ತಿರುಗೋ ಉಪಕರಣ ಇಟ್ಟು ಮೇಲ್ಮೈನ ಸ್ವಲ್ಪ ತೀಡ್ತೀವಿ, ಸಣ್ಣ ಸಣ್ಣ ರಕ್ತದ ಚುಕ್ಕೆ ಕಾಣೋವರೆಗೆ ಮಾತ್ರ, ಅದಕ್ಕಿಂತ ಒಳಗೆ ಹೋದ್ರೆ ಗಟ್ಟಿ ಪದರ ಹೋಗಿ ಸ್ಪಂಜಿನಂಥ ಮೂಳೆ ಬರುತ್ತೆ, ಅದ್ರಲ್ಲಿ ಹಿಡಿತ ಇರಲ್ಲ. ತಂತಿ ಐದು ಹತ್ತು ಡಿಗ್ರಿ ಮೇಲಕ್ಕೆ ವಾಲಿದ್ರೂ ಮುಂದೆ ತಟ್ಟೆ ಸಡಿಲ ಆಗೋಕೆ ದಾರಿ. ತಟ್ಟೆಯನ್ನ ಆದಷ್ಟೂ ಕೆಳ ಅಂಚಿಗೆ ಇಡ್ತೀವಿ, ಆಗ ನಾಚಿಂಗ್ ಕಮ್ಮಿ. ಇಲ್ಲಿ ನಮ್ಮ ಕಡೆ ಹೆಂಗಸರಿಗೆ ಒಂದು ವಿಶೇಷ ತೊಡಕಿದೆ, ಮೈಕಟ್ಟು ಸಣ್ಣ, ಗ್ಲೆನಾಯ್ಡೂ ಸಣ್ಣ, ಹಳೇ ಇಂಪ್ಲಾಂಟಿನ ತಟ್ಟೆ 29 ಮಿ.ಮೀ. ಇರ್ತಿತ್ತು, ಅದು ಮೂಳೆ ಅಂಚಿಂದ ಆಚೆ ಬರೋದು. ಈಗ 25 ಮಿ.ಮೀ. ತಟ್ಟೆ ಸಿಗುತ್ತೆ, ಚೆಂಡಿನಲ್ಲೂ 36ರಂಥ ಸಣ್ಣ ಅಳತೆ ಇದೆ. ಅಮ್ಮನ ಸಿಟಿ ಸ್ಕ್ಯಾನ್ ಅಳತೆಗೆ ಸಣ್ಣ ಸೈಜ್ ಬೇಕಾಗುತ್ತಾ, ಅದು ಆಪರೇಷನ್ ದಿನ ಟೇಬಲ್ ಮೇಲೆ ಇರುತ್ತಾ ಅಂತ ಡಾಕ್ಟ್ರನ್ನ ಕೇಳಿ, ಇದು ಕೇಳಲೇಬೇಕಾದ ಪ್ರಶ್ನೆ.

ಇನ್ನೊಂದು ಕೇಳ್ಬೇಕಾಗಿರೋದು ಡೆಲ್ಟಾಯ್ಡ್ ಸರಿಯಾಗಿದೆಯಾ ಅಂತ. ಇಡೀ ಕೀಲು ನಿಂತಿರೋದೇ ಆ ಒಂದು ಸ್ನಾಯು ಮೇಲೆ, ಅದಕ್ಕೆ ಹೋಗೋ ಆಕ್ಸಿಲರಿ ನರ ಏನಾದ್ರೂ ಕೆಟ್ಟಿದ್ರೆ ರಿವರ್ಸ್ ಹಾಕಿ ಪ್ರಯೋಜನ ಇಲ್ಲ. ಅಮ್ಮನ ಹೆಗಲ ಮೇಲೆ ಕೈಯಿಟ್ಟು, ಮೊಳಕೈಯನ್ನ ಪಕ್ಕಕ್ಕೆ ಒತ್ತೋಕೆ ಹೇಳಿ, ಕೈ ಕೆಳಗೆ ಸ್ನಾಯು ಗಟ್ಟಿಯಾಗೋದು ನಿಮಗೇ ಗೊತ್ತಾಗುತ್ತೆ, ಆದ್ರೆ ಅದನ್ನ ಡಾಕ್ಟ್ರು ಪರೀಕ್ಷೆ ಮಾಡಿ ಖಾತ್ರಿ ಮಾಡ್ಬೇಕು. ಹಾಗೇ ಒಂದು ಮಾತು, ಕಫ್ ಹರಿದವರೆಲ್ಲ ಆಪರೇಷನ್ ಮಾಡಿಸ್ಬೇಕು ಅಂತೇನಿಲ್ಲ. ನೋವು ತಡ್ಕೊಳ್ಳೋ ಹಾಗಿದ್ದು ಕೈ ಭುಜದ ಮಟ್ಟಕ್ಕೆ ಬರ್ತಿದ್ರೆ ಮೂರು ತಿಂಗಳು ಡೆಲ್ಟಾಯ್ಡ್ ಫಿಸಿಯೋಥೆರಪಿ ಮಾಡಿಸಿ ನೋಡೋದು ನ್ಯಾಯ. ಅಮ್ಮನ ಸ್ಥಿತಿ ಅದನ್ನ ದಾಟಿದೆ ಅಂತ ನೀವು ಬರ್ದಿರೋದ್ರಲ್ಲಿ ಕಾಣುತ್ತೆ.

ಎಷ್ಟು ವರ್ಷ ಬರುತ್ತೆ ಅಂದ್ರಲ್ಲ, ಗ್ರಾಮ್ಮೋಂಟ್ ಥರದ ಕೀಲು ಹಾಕಿಸ್ಕೊಂಡವರನ್ನ ಹತ್ತು ವರ್ಷ ಹಿಂಬಾಲಿಸಿ ನೋಡಿದ ಫ್ರಾನ್ಸಿನ ವರದೀಲಿ 100ಕ್ಕೆ 90ಕ್ಕಿಂತ ಹೆಚ್ಚು ಕೀಲು ತೆಗೀದೆ ಹಾಗೇ ಇದ್ವು. ಆದ್ರೆ ಕೀಲು ಇದ್ರೂ ವರ್ಷ ಕಳೆದ ಹಾಗೆ ಕೈ ಬಲ ಸ್ವಲ್ಪ ಸ್ವಲ್ಪ ಇಳಿಯುತ್ತೆ, ಡೆಲ್ಟಾಯ್ಡೂ ವಯಸ್ಸಾಗೋ ಸ್ನಾಯುವೇ ತಾನೇ. ಅದಕ್ಕೇ 50ರ ಆಸುಪಾಸಿನವರಿಗೆ ರಿವರ್ಸ್ ಅಂದಾಗ ನಾವು ಹಿಂದೆ ಮುಂದೆ ನೋಡ್ತೀವಿ, 72ಕ್ಕೆ ಆ ಯೋಚನೆ ಬೇಡ.

ಏನು ಸಿಗಲ್ಲ ಅನ್ನೋದನ್ನೂ ಅಮ್ಮಂಗೆ ಮೊದಲೇ ಹೇಳ್ಬಿಡಿ. ತಲೆ ಬಾಚೋದು, ಊಟ ಮಾಡೋದು, ಅಡುಗೆಮನೆ ಶೆಲ್ಫಿಂದ ಡಬ್ಬ ತೆಗೆಯೋದು, ಇವು ಬಹುಪಾಲು ಜನಕ್ಕೆ ಬರುತ್ತೆ. ಕೈ ಬೆನ್ನ ಹಿಂದೆ ಹೋಗೋದು ಕಷ್ಟ ಆಗ್ಬೋದು, ಸೀರೆ ಹಿಂದ್ಗಡೆ ಸಿಕ್ಕಿಸೋದು, ಟಾಯ್ಲೆಟ್ ಆದ್ಮೇಲೆ ತೊಳ್ಕೊಳ್ಳೋದು, ಇವಕ್ಕೆ ಬಲಗೈ ಎಟುಕದೆ ಇರ್ಬೋದು. ಹೇಳೋಕೆ ಸಂಕೋಚ ಅಂತ ಯಾರೂ ಹೇಳಲ್ಲ, ಮನೆಗೆ ಹೋದ್ಮೇಲೆ ಅದೇ ದೊಡ್ಡ ದುಃಖ ಆಗುತ್ತೆ, ಹ್ಯಾಂಡ್ ಶವರ್ ಹಾಕಿಸಿ, ಎಡಗೈಯಲ್ಲಿ ಈಗಲೇ ಅಭ್ಯಾಸ ಮಾಡಿಸಿ. ನೆಲದ ಮೇಲೆ ಕೂತು ಕೈ ಹಿಂದಕ್ಕೆ ಊರಿ ಏಳೋ ಅಭ್ಯಾಸ ಇದ್ರೆ ಬಿಡಿಸ್ಬೇಕು, ರಿವರ್ಸ್ ಕೀಲು ಜಾರೋಕೆ ಸುಲಭ ಆಗೋ ಭಂಗಿ ಅದೇ, ತೋಳು ಮೈಗೆ ಅಂಟಿ ಹಿಂದಕ್ಕೆ ಹೋಗಿ ಮೇಲಿಂದ ಭಾರ ಬೀಳೋದು. ಮೊದಲ ಮೂರು ತಿಂಗಳಂತೂ ಕುರ್ಚಿಯಿಂದ ಏಳುವಾಗಲೂ ಆ ಕೈ ಊರಬಾರದು. ನಾಲ್ಕರಿಂದ ಆರು ವಾರ ಸ್ಲಿಂಗ್ ಇರುತ್ತೆ. ಕೆಲವು ತಿಂಗಳಾದ್ಮೇಲೆ ಹೆಗಲ ತುದೀಲಿ ಇದ್ದಕ್ಕಿದ್ದ ಹಾಗೆ ಹೊಸ ನೋವು ಬಂದು ಕೈ ಎತ್ತೋದು ಕಮ್ಮಿ ಆದ್ರೆ ಸುಮ್ನಿರ್ಬೇಡಿ, ಡೆಲ್ಟಾಯ್ಡ್ ಬಿಗಿಯಾಗಿ ಎಳೆಯೋದ್ರಿಂದ ಮೂಳೆ ಸವೆದವರಿಗೆ ಅಕ್ರೋಮಿಯನ್ ಅನ್ನೋ ಮೂಳೇಲಿ ಸಣ್ಣ ಬಿರುಕು ಬರೋದುಂಟು. ಅದಕ್ಕೇ ಆಪರೇಷನ್ ಮುಂಚೆ ಮೂಳೆ ಸಾಂದ್ರತೆ, ವಿಟಮಿನ್ ಡಿ ಎರಡೂ ನೋಡಿಸಿ, ಶುಗರ್ ಇದ್ರೆ ಹಿಡಿತಕ್ಕೆ ತನ್ನಿ.

ಇನ್ಫೆಕ್ಷನ್ ಭಯ ಪೇಯಾನ್ ಕಾಲದಷ್ಟಿಲ್ಲ, ಆದ್ರೆ ಭುಜಕ್ಕೆ ಅದರದೇ ಒಂದು ಕೀಟಾಣು ಇದೆ, ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಅಂತ, ಮೊಡವೆ ಮಾಡೋದೂ ಅದೇ. ಚರ್ಮದ ಎಣ್ಣೆ ಗ್ರಂಥಿಗಳೊಳಗೆ ಆಳವಾಗಿ ಇರುತ್ತೆ, ಮಾಮೂಲಿ ಸೋಪಿಗೆ ಪೂರ್ತಿ ಹೋಗಲ್ಲ, ಜ್ವರ ಕೀವು ಏನೂ ತೋರಿಸ್ದೆ ತಿಂಗಳುಗಟ್ಟಲೆ ಸುಮ್ನೆ ನೋವು ಕೊಡ್ತಾ ಇರುತ್ತೆ, ಲ್ಯಾಬಲ್ಲಿ ಬೆಳೆಯೋಕೇ ಹತ್ತು ಹದಿನಾಲ್ಕು ದಿನ ಬೇಕು. ಆಪರೇಷನ್ ಮುಂಚಿನ ದಿನಗಳಲ್ಲಿ ಹಚ್ಚೋಕೆ ಬೆಂಜಾಯ್ಲ್ ಪೆರಾಕ್ಸೈಡ್ ಕೊಟ್ರೆ ಇದು ಮೊಡವೆ ಕ್ರೀಮಲ್ವಾ ಅಂತ ಬಿಟ್ಬಿಡ್ಬೇಡಿ, ಹೇಳಿದಷ್ಟು ದಿನ ಹಚ್ಚಿ.

ಸಿಟಿ ಸ್ಕ್ಯಾನ್ ಮಾಡಿಸುವಾಗ ಫಿಲ್ಮ್ ಜೊತೆ ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಪೂರ್ತಿ ಫೈಲ್ ಕೇಳಿ ಇಸ್ಕೊಳಿ. ಈಗ ಕಂಪ್ಯೂಟರಲ್ಲಿ ಮೂರು ಆಯಾಮದಲ್ಲಿ ಗ್ಲೆನಾಯ್ಡ್ ನೋಡಿ ತಟ್ಟೆ ಎಲ್ಲಿ, ಯಾವ ಕೋನದಲ್ಲಿ, ಸ್ಕ್ರೂ ಎಷ್ಟು ಉದ್ದ ಅಂತ ಮೊದಲೇ ಪ್ಲಾನ್ ಮಾಡ್ಬೋದು, ಅದಕ್ಕೆ ಫಿಲ್ಮ್ ಸಾಕಾಗಲ್ಲ. ಇನ್ನೊಬ್ಬ ಡಾಕ್ಟ್ರ ಅಭಿಪ್ರಾಯ ಕೇಳ್ಬೇಕು ಅನ್ಸಿದ್ರೂ ಅದೇ ಫೈಲ್ ಕೊಟ್ರೆ ಮತ್ತೆ ಸ್ಕ್ಯಾನ್ ಮಾಡಿಸೋ ಖರ್ಚು ಉಳಿಯುತ್ತೆ. ಭುಜದ ಆಪರೇಷನ್ ನಿಯಮಿತವಾಗಿ ಮಾಡೋರ ಹತ್ರಾನೇ ಹೋಗಿ, ವರ್ಷಕ್ಕೆ ಎಷ್ಟು ರಿವರ್ಸ್ ಮಾಡ್ತೀರಾ ಅಂತ ಮುಖ ನೋಡಿ ಕೇಳಿ, ಒಳ್ಳೆ ಸರ್ಜನ್ ಯಾರೂ ಆ ಪ್ರಶ್ನೆಗೆ ಬೇಜಾರು ಮಾಡ್ಕೊಳಲ್ಲ.